ಕೋನ್‌ಗಳ ನಡುವಿನ ದಾರಿ: ಆಟೋಕ್ರಾಸ್‌ಗೆ ಇಳಿಯುವವರಿಗೆ ಒಂದಿಷ್ಟು ಮಾತು

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಅಲ್ಪಸ್ವಲ್ಪ ತಿದ್ದಿ ಬರೆದ ರೂಪ)

ಎಲ್ಲರಿಗೂ ನಮಸ್ಕಾರ. ಕಥೆ, ಕವಿತೆ, ಸುಗಮ ಸಂಗೀತಗಳಿಗೆ ಮೀಸಲಾಗಿರುವ ಈ ಕೂಟದಲ್ಲಿ ಕಾರು ಓಡಿಸುವ ವಿಷಯವಾಗಿ ಮಾತನಾಡಬೇಕೆಂದು ಕೇಳಿದಾಗ ನಾನು ಹಿಂಜರಿದದ್ದು ನಿಜ. ಆದರೆ ಇಂದು ಹೊರಗೆ ಕಾರು ನಿಲ್ಲಿಸುವಾಗ ಸುತ್ತ ಒಮ್ಮೆ ಕಣ್ಣಾಡಿಸಿದೆ. ಎರಡು ಮಜ್ದಾ ಮಿಯಾಟಾ, ಒಂದು ಸುಬಾರು ಬಿಆರ್‌ಝೆಡ್, ಮಾಡು ಮಡಚಿದ ಒಂದು ಪೋರ್ಶೆ ಬಾಕ್ಸ್‌ಸ್ಟರ್ ಕಂಡವು, ಎಲ್ಲವೂ ಸ್ಪೋರ್ಟ್ಸ್ ಕಾರುಗಳೇ. ಅವುಗಳ ಒಡೆಯರು ಬೇಸರ ಮಾಡಿಕೊಳ್ಳಬಾರದು. ಬೆಳಗಿನ ಎಂಟು ಗಂಟೆಗೆ ಹೆದ್ದಾರಿ 101ರಲ್ಲಿ ಆ ಕಾರುಗಳು ಪಕ್ಕದ ಲೇನಿನ ಮಿನಿವ್ಯಾನ್‌ಗಿಂತ ಒಂದಿಂಚೂ ಮುಂದೆ ಹೋಗುವುದಿಲ್ಲ. ಇಂಥ ಕಾರನ್ನು ಅದು ಹುಟ್ಟಿದ ಕೆಲಸಕ್ಕೆ ಹಚ್ಚಲು, ಪರವಾನಗಿ ಕಳೆದುಕೊಳ್ಳದೆ, ಯಾರ ಜೀವಕ್ಕೂ ಕುತ್ತು ತರದೆ, ಒಂದು ದಿನದ ಮಟ್ಟಿಗೆ ಸಿಗುವ ಅತ್ಯಂತ ಅಗ್ಗದ ಅವಕಾಶವೇ ಆಟೋಕ್ರಾಸ್.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಬಿಡುತ್ತೇನೆ. ಕೊಡಗಿನವರಿಗೆ, ಚಿಕ್ಕಮಗಳೂರಿನವರಿಗೆ ಆಟೋಕ್ರಾಸ್ ಎಂದರೆ ಮಣ್ಣಿನ ಓಟ. ಕೊಯ್ಲು ಮುಗಿದ ಗದ್ದೆಯಲ್ಲೋ ಬಯಲಿನಲ್ಲೋ ದಾರಿ ಗುರುತಿಸಿ, ಧೂಳೆಬ್ಬಿಸಿಕೊಂಡು ಗಡಿಯಾರದ ವಿರುದ್ಧ ಓಡಿಸುವ ಆಟ. ಅಮೆರಿಕದಲ್ಲಿ ಅದೇ ಹೆಸರಿನಿಂದ ಕರೆಯುವುದು ಡಾಂಬರು ಅಥವಾ ಕಾಂಕ್ರೀಟಿನ ಮೇಲಿನ ಆಟವನ್ನು. ಯಾವುದೋ ದೊಡ್ಡ ಪಾರ್ಕಿಂಗ್ ಜಾಗವನ್ನೋ ಬಳಕೆ ತಪ್ಪಿದ ವಿಮಾನ ಪಟ್ಟಿಯನ್ನೋ ಒಂದು ದಿನಕ್ಕೆ ಪಡೆದು, ಅಲ್ಲಿ ಕಿತ್ತಳೆ ಬಣ್ಣದ ರಬ್ಬರ್ ಕೋನ್‌ಗಳನ್ನಿಟ್ಟು ಒಂದು ದಾರಿ ಮಾಡುತ್ತಾರೆ. ಒಂದು ಸಲಕ್ಕೆ ಒಂದು ಕಾರು ಆ ದಾರಿಯಲ್ಲಿ ಓಡುತ್ತದೆ, ಅಥವಾ ಹೆಚ್ಚೆಂದರೆ ಸಾಕಷ್ಟು ಅಂತರ ಬಿಟ್ಟು ಇನ್ನೊಂದು ಹೊರಡುತ್ತದೆ. ಯಾರೂ ಯಾರನ್ನೂ ಹಿಂದಿಕ್ಕುವುದಿಲ್ಲ. ಒಂದು ಓಟ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ವೇಗ ಗಂಟೆಗೆ ನೂರು ಕಿಲೋಮೀಟರಿನ ಸುತ್ತ ನಿಲ್ಲುತ್ತದೆ. ಹೊರಟ ಮೇಲೆ ಒಮ್ಮೆ ಎರಡನೇ ಗೇರಿಗೆ ಬಂದರೆ ಬಹುಪಾಲು ಕಾರುಗಳಿಗೆ ಮತ್ತೆ ಗೇರ್ ಮುಟ್ಟುವ ಕೆಲಸವೇ ಇರುವುದಿಲ್ಲ. ಆರಂಭದಲ್ಲೂ ಕೊನೆಯಲ್ಲೂ ಬೆಳಕಿನ ಕಿರಣವನ್ನು ಕಾರು ಕಡಿದಾಗ ಗಡಿಯಾರ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಲೆಕ್ಕ ಹಿಡಿಯುತ್ತದೆ.

ಈ ಆಟಕ್ಕೆ ದೇಶಮಟ್ಟದ ನಿಯಮ ಕೊಟ್ಟದ್ದು 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ. ಅವರು ಇದನ್ನು ಸೋಲೋ ಎಂದು ಕರೆಯುತ್ತಾರೆ, ಒಂಟಿ ಓಟ ಎಂಬ ಅರ್ಥದಲ್ಲಿ. ರಾಷ್ಟ್ರೀಯ ಸ್ಪರ್ಧೆ 1973ರಲ್ಲಿ ಆರಂಭವಾಯಿತು. 2009ರಿಂದ ಅದು ನೆಬ್ರಾಸ್ಕದ ಲಿಂಕನ್ ನಗರದ ಹಳೆಯ ವಾಯುನೆಲೆಯ ಕಾಂಕ್ರೀಟಿನ ಮೇಲೆ ಸೆಪ್ಟೆಂಬರಿನಲ್ಲಿ ನಡೆಯುತ್ತ ಬಂದಿದ್ದು, ಸಾವಿರಕ್ಕೂ ಹೆಚ್ಚು ಮಂದಿ ಸೇರುತ್ತಾರೆ. ಎರಡು ದಿನ, ಎರಡು ಬೇರೆ ಬೇರೆ ದಾರಿ, ದಿನಕ್ಕೆ ಮೂರೇ ಓಟ. ಎರಡೂ ದಿನದ ಉತ್ತಮ ಸಮಯವನ್ನು ಕೂಡಿಸಿ ಫಲಿತಾಂಶ ಹೇಳುತ್ತಾರೆ. ಇಡೀ ದೇಶದ ಚಾಂಪಿಯನ್ ಯಾರೆಂಬುದನ್ನು ಸುಮಾರು ಆರು ನಿಮಿಷದ ಚಾಲನೆ ತೀರ್ಮಾನಿಸುತ್ತದೆ. ಪೋರ್ಶೆ ಮತ್ತು ಬಿಎಂಡಬ್ಲ್ಯು ಒಡೆಯರ ಕ್ಲಬ್‌ಗಳೂ ತಮ್ಮದೇ ಆಟೋಕ್ರಾಸ್ ನಡೆಸುತ್ತವೆ. ಅವುಗಳಲ್ಲಿ ಕೆಲವು ಬೇರೆ ಕಾರಿನವರನ್ನೂ ಬಿಟ್ಟುಕೊಳ್ಳುತ್ತವೆ.

ಈಗ ನನ್ನ ಮೊದಲ ದಿನದ ಕಥೆಗೆ ಬರುತ್ತೇನೆ, ಏಕೆಂದರೆ ನಾನು ಹೇಳಬೇಕಾದ ಮುಖ್ಯ ಸಂಗತಿ ಅದರಲ್ಲೇ ಇದೆ. ನನ್ನದು 1999ರ ಮಾದರಿಯ ಮಜ್ದಾ ಮಿಯಾಟಾ, ಮೂರನೆಯ ಒಡೆಯನಾಗಿ ಕೊಂಡದ್ದು. ಸೆಂಟ್ರಲ್ ವ್ಯಾಲಿಯ ಕ್ರೋಸ್ ಲ್ಯಾಂಡಿಂಗ್ ಎಂಬ ಹಳೆಯ ನೌಕಾಪಡೆಯ ವಿಮಾನ ಪಟ್ಟಿಗೆ ನಸುಕಿನಲ್ಲೇ ಹೊರಟು ತಲುಪಿದ್ದೆ. ಇಪ್ಪತ್ತು ವರ್ಷ ಕಾರು ಓಡಿಸಿದವನು, ಅದರಲ್ಲಿ ಎಂಟು ವರ್ಷ ಬೆಂಗಳೂರಿನ ರಸ್ತೆಗಳಲ್ಲಿ. ನನಗೆ ಇನ್ನೇನು ಕಲಿಸುತ್ತಾರೆ ಎಂಬ ಠೇಂಕಾರವೂ ಒಳಗೆ ಇತ್ತು. ಹಸಿರು ಬಾವುಟ ಬೀಸಿದರು, ಹೊರಟೆ. ಮೊದಲ ತಿರುವು ಸಿಕ್ಕಿತು. ಎರಡನೆಯದೂ ಸಿಕ್ಕಿತು. ಮೂರನೆಯ ತಿರುವಿನಿಂದ ಹೊರಬಿದ್ದಾಗ ಕಣ್ಣೆದುರಿಗೆ ದಾರಿಯೇ ಇರಲಿಲ್ಲ. ಇದ್ದದ್ದು ದಿಗಂತದವರೆಗೆ ಬಿಳಿಚಿಕೊಂಡ ಕಾಂಕ್ರೀಟ್ ಮತ್ತು ಅದರ ಮೇಲೆ ಸಂತೆಯಲ್ಲಿ ಚೆಲ್ಲಿದ ಕಿತ್ತಳೆ ಹಣ್ಣಿನ ಹಾಗೆ ನೂರಾರು ಕೋನ್. ಯಾವುದರ ಎಡಕ್ಕೆ ಹೋಗಬೇಕು, ಯಾವುದರ ಬಲಕ್ಕೆ ಹೋಗಬೇಕು ಎಂಬುದು ತಿಳಿಯದೆ, ಎರಡು ಕೋನ್‌ಗಳ ನಡುವೆ ಹಾಯಬೇಕಾದ ಒಂದು ದ್ವಾರವನ್ನು ಪೂರ್ತಿ ಬಿಟ್ಟು, ಮುಂದೆ ಇಳಿಯಬೇಕಾಗಿದ್ದ ತಿರುವಿಗೆ ಎದುರು ದಿಕ್ಕಿನಿಂದ ನುಗ್ಗಿ, ಕೊನೆಗೆ ಯಾರದೋ ಕೈಸನ್ನೆ ಹಿಡಿದು ಹೊರಬಂದೆ. ಫಲಕದ ಮೇಲೆ ನನ್ನ ಸಂಖ್ಯೆಯ ಎದುರು ಸಮಯದ ಬದಲು ಡಿಎನ್‌ಎಫ್ ಎಂಬ ಮೂರು ಅಕ್ಷರ ಇತ್ತು. ಓಟ ಮುಗಿಸಲಿಲ್ಲ ಎಂದು ಅರ್ಥ. ಎರಡನೇ ಓಟಕ್ಕೆ ಪಕ್ಕದಲ್ಲಿ ಕೂತ ಬೋಧಕರು ವಯಸ್ಸಿನಲ್ಲಿ ನನ್ನ ತಂದೆಯಷ್ಟಿದ್ದರು. ಅವರು ವೇಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ಪ್ರತಿ ತಿರುವಿಗೂ ಮುನ್ನ ತೋರುಬೆರಳನ್ನು ಗಾಜಿನ ಮುಂದೆ ಚಾಚಿ, ಮುಂದಿನ ಕೋನನ್ನು ಅಲ್ಲ, ಅದರಾಚೆಯದನ್ನು ತೋರಿಸುತ್ತಿದ್ದರು. ಅಷ್ಟೆ. ಆ ಬೆರಳಿನ ಹಿಂದೆ ಕಣ್ಣು ಹೋಯಿತು, ಕಣ್ಣಿನ ಹಿಂದೆ ಕೈ ಹೋಯಿತು, ಕಾರು ದಾರಿ ಹಿಡಿಯಿತು.

ಆಟೋಕ್ರಾಸ್ ಕಾರು ಓಡಿಸುವ ಆಟವೆಂದು ನಾವು ತಿಳಿಯುತ್ತೇವೆ. ನನ್ನ ಅನುಭವದಲ್ಲಿ ಅದು ನೋಡುವ ಆಟ. ರಸ್ತೆಯ ಮೇಲೆ ಓಡಿಸುವಾಗ ಅಂಚು, ಗೆರೆ, ಕಟ್ಟೆ, ಮುಂದಿನ ಕಾರು ಇವೆಲ್ಲ ನಮಗಾಗಿ ದಾರಿಯನ್ನು ಬರೆದಿಟ್ಟಿರುತ್ತವೆ. ಇಲ್ಲಿ ಬರಿಯ ಚುಕ್ಕಿಗಳಿವೆ, ಅವನ್ನು ಸೇರಿಸುವ ಗೆರೆಯನ್ನು ನಾವೇ ಮನಸ್ಸಿನಲ್ಲಿ ಎಳೆಯಬೇಕು. ಲೆಕ್ಕ ನೋಡಿ: ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. ಹತ್ತು ಮೀಟರ್ ಮುಂದಿನ ಕೋನನ್ನು ದಿಟ್ಟಿಸುತ್ತಿದ್ದೀರಿ ಎಂದರೆ ಅರ್ಧ ಸೆಕೆಂಡಿನಲ್ಲಿ ನಡೆಯಲಿರುವುದನ್ನು ಮಾತ್ರ ನೋಡುತ್ತಿದ್ದೀರಿ, ಮತ್ತು ಅದರ ವಿಷಯದಲ್ಲಿ ನೀವು ಏನಾದರೂ ಮಾಡುವ ಹೊತ್ತು ಆಗಲೇ ಮೀರಿದೆ.

ಆದ್ದರಿಂದ ದಿನದ ಅತ್ಯಂತ ಬೆಲೆಯುಳ್ಳ ಗಂಟೆ ಕಾರಿನೊಳಗೆ ಕಳೆಯುವುದಲ್ಲ, ಕಾಲ್ನಡಿಗೆಯಲ್ಲಿ ಕಳೆಯುವುದು. ಬೆಳಗ್ಗೆ ಓಟ ಶುರುವಾಗುವ ಮೊದಲು ದಾರಿಯನ್ನು ನಡೆದು ನೋಡಲು ಎಲ್ಲರಿಗೂ ಬಿಡುತ್ತಾರೆ. ಹೊಸಬರು ಸಾಮಾನ್ಯವಾಗಿ ಒಂದು ಸುತ್ತು ಹರಟೆ ಹೊಡೆಯುತ್ತ ನಡೆದು ಕಾಫಿಗೆ ಹೊರಡುತ್ತಾರೆ. ನಾನು ಕನಿಷ್ಠ ಮೂರು ಸುತ್ತು ನಡೆಯಿರಿ ಎನ್ನುತ್ತೇನೆ. ಮೊದಲನೆಯದನ್ನು ಬೇಕಾದರೆ ಗೆಳೆಯರೊಡನೆ, ಉಳಿದವನ್ನು ಒಬ್ಬರೇ. ನಿಂತ ಕೋನ್‌ನ ಬುಡದಲ್ಲಿ ಒಂದು ಕೋನ್ ಮಲಗಿದ್ದರೆ ಅದು ಬಾಣವಿದ್ದಂತೆ, ಅದರ ತುದಿ ಯಾವ ಕಡೆ ತೋರಿಸುತ್ತದೆಯೋ ಆ ಬದಿಯಲ್ಲಿ ಕಾರು ಹೋಗಬೇಕು. ಇನ್ನೊಂದು ಕಿವಿಮಾತು: ನಡೆಯುವಾಗ ಆಗಾಗ ಮಂಡಿ ಬಗ್ಗಿಸಿ ಕುಕ್ಕುರು ಕೂತು ನೋಡಿ. ಮಿಯಾಟಾದಂಥ ಕಾರಿನಲ್ಲಿ ಕೂತವರ ಕಣ್ಣು ನಿಂತವರ ಸೊಂಟದ ಮಟ್ಟಕ್ಕಿಂತ ಹೆಚ್ಚು ಮೇಲಿರುವುದಿಲ್ಲ. ನಿಂತು ನೋಡಿದಾಗ ಹರಡಿಕೊಂಡಂತೆ ಸ್ಪಷ್ಟವಾಗಿ ಕಾಣುವ ದಾರಿ ಅಷ್ಟು ಕೆಳಗಿನಿಂದ ನೋಡಿದಾಗ ಒಂದರ ಮೇಲೊಂದು ಕೋನ್ ಬಿದ್ದ ಗೋಡೆಯಂತೆ ಕಾಣುತ್ತದೆ. ಕೊನೆಯ ಸುತ್ತು ಮುಗಿದ ಮೇಲೆ ಕಾರಿನ ಪಕ್ಕ ನಿಂತು, ಕಣ್ಣು ಮುಚ್ಚಿ, ಆರಂಭದಿಂದ ಕೊನೆಯವರೆಗೆ ದಾರಿಯನ್ನು ಮನಸ್ಸಿನಲ್ಲೇ ಓಡಿಸಿ. ಎಲ್ಲಿ ಚಿತ್ರ ಕಡಿದುಹೋಗುತ್ತದೆಯೋ ಅಲ್ಲಿಗೆ ಮತ್ತೊಮ್ಮೆ ನಡೆದು ಹೋಗಿ ಬನ್ನಿ. ಮೈದಾನದ ನಡುವೆ ಕೈಗಳನ್ನು ಸ್ಟೀರಿಂಗ್ ಹಿಡಿದಂತೆ ಆಡಿಸುತ್ತ ಕಣ್ಣು ಮುಚ್ಚಿ ನಿಂತವರನ್ನು ಕಂಡರೆ ನಗಬೇಡಿ, ಸಂಜೆಯ ಫಲಿತಾಂಶದಲ್ಲಿ ಅವರ ಹೆಸರು ನಿಮ್ಮದಕ್ಕಿಂತ ಮೇಲಿರುತ್ತದೆ.

ನಡೆಯುವಾಗ ಏನನ್ನು ನಿರ್ಧರಿಸಬೇಕು? ಇಲ್ಲಿ ಟಿವಿಯಲ್ಲಿ ಫಾರ್ಮುಲಾ ಒನ್ ನೋಡಿ ಬಂದವರಿಗೆ ಒಂದು ಎಚ್ಚರಿಕೆ ಬೇಕು. ಅಗಲವಾಗಿ ಒಳಹೊಕ್ಕು, ಒಳ ಅಂಚನ್ನು ಸವರಿ, ಅಗಲವಾಗಿ ಹೊರಬರುವುದೇ ವೇಗದ ದಾರಿ ಎಂದು ನಾವು ನಂಬಿರುತ್ತೇವೆ. ಒಂದು ಪೂರ್ತಿ ಹಿಂತಿರುವನ್ನು, ಅಂದರೆ ಇಂಗ್ಲಿಷಿನ ಯು ಅಕ್ಷರದಂಥ ತಿರುವನ್ನು ತೆಗೆದುಕೊಳ್ಳಿ. ಒಳ್ಳೆಯ ಟೈರ್ ಒಣ ಕಾಂಕ್ರೀಟಿನ ಮೇಲೆ ಸುಮಾರು ಒಂದು ಗುರುತ್ವದಷ್ಟು, ಅಂದರೆ ಕಾರಿನ ತೂಕದಷ್ಟೇ, ಪಕ್ಕಬಲ ಕೊಡುತ್ತದೆ ಎಂದಿಟ್ಟುಕೊಂಡರೆ, 15 ಮೀಟರ್ ತ್ರಿಜ್ಯದಲ್ಲಿ ತಿರುಗುವ ಕಾರು ಗಂಟೆಗೆ ಸುಮಾರು 44 ಕಿಲೋಮೀಟರ್ ವೇಗ ಹಿಡಿಯಬಹುದು, 18 ಮೀಟರ್ ತ್ರಿಜ್ಯದಲ್ಲಿ 48. ಅಗಲದ ದಾರಿಯಲ್ಲಿ ವೇಗಮಾಪಕ ಹೆಚ್ಚು ತೋರಿಸುತ್ತದೆ, ಚಾಲಕನಿಗೂ ಹಿತವೆನಿಸುತ್ತದೆ. ಆದರೆ ಅರ್ಧ ವೃತ್ತದ ಉದ್ದ ಮೊದಲನೆಯದರಲ್ಲಿ 47 ಮೀಟರ್, ಎರಡನೆಯದರಲ್ಲಿ ಹತ್ತಿರಹತ್ತಿರ 57. ಭಾಗಿಸಿ ನೋಡಿದರೆ ಇಕ್ಕಟ್ಟಿನ ದಾರಿಗೆ 3.9 ಸೆಕೆಂಡ್ ಸಾಕು, ಅಗಲದ ದಾರಿಗೆ 4.2 ಮೀರುತ್ತದೆ. ಹೆಚ್ಚಿನ ವೇಗದಿಂದ ಹೊರಬಂದದ್ದರ ಲಾಭ ಮುಂದಿನ ನೇರ ದಾರಿಯಲ್ಲಿ ಸಿಗುತ್ತದೆ ಎಂಬುದೇನೋ ಸರಿ. ಆದರೆ ಮಿಯಾಟಾದಂಥ ಕಾರಿಗೆ 60 ಮೀಟರ್ ನೇರ ದಾರಿಯಲ್ಲಿ ಹಾಗೆ ಮರಳಿ ಸಿಗುವುದು ಸೆಕೆಂಡಿನ ಹತ್ತರಲ್ಲಿ ಎರಡು ಭಾಗಕ್ಕಿಂತ ಕಡಿಮೆ. ಆಟೋಕ್ರಾಸ್‌ನಲ್ಲಿ ತಿರುವಿನ ನಂತರ 60 ಮೀಟರಿಗಿಂತ ಉದ್ದದ ನೇರ ಜಾಗ ಸಿಗುವುದೇ ಅಪರೂಪ. ಆದಕಾರಣ, ಮುಂದೆ ಉದ್ದನೆಯ ನೇರ ದಾರಿ ಇಲ್ಲದಿದ್ದರೆ, ಒಳಗಿನ ಕೋನ್‌ಗೆ ಅಂಟಿಕೊಂಡು ಕಡಿಮೆ ದೂರ ಓಡುವುದೇ ಲಾಭ. ನಾನು ಇದನ್ನು ಕಾಗದದ ಮೇಲೆ ಲೆಕ್ಕ ಹಾಕುವವರೆಗೂ ನಂಬಿರಲಿಲ್ಲ, ನಂಬದೆ ಒಂದು ಇಡೀ ವರ್ಷ ಕಳೆದುಕೊಂಡೆ.

ಕೋನ್‌ಗಳನ್ನು ಸಾಲಾಗಿ ನಿಲ್ಲಿಸಿ ಹಾವಿನಂತೆ ಹೆಣೆದುಕೊಂಡು ಹೋಗುವ ಭಾಗಕ್ಕೆ ಸ್ಲಾಲಮ್ ಎನ್ನುತ್ತಾರೆ. ಹೊಸಬರ ಸಮಯ ಸೋರಿಹೋಗುವುದು ಹೆಚ್ಚಾಗಿ ಇಲ್ಲಿಯೇ. ಪ್ರತಿ ಕೋನ್‌ನಿಂದ ಒಂದು ಮೀಟರ್ ಹೆಚ್ಚು ದೂರ ಬಿಟ್ಟು ಹೋದರೆ, ಎರಡು ಕೋನ್‌ಗಳ ನಡುವೆ ಕಾರು ಅಡ್ಡಡ್ಡ ಎರಡು ಮೀಟರ್ ಹೆಚ್ಚು ಸರಿಯಬೇಕಾಗುತ್ತದೆ, ಅಷ್ಟು ಸರಿಸಲು ಟೈರಿನ ಹಿಡಿತ ಖರ್ಚಾಗುತ್ತದೆ. ದೂರಕ್ಕಿಂತ ಮುಖ್ಯವಾದದ್ದು ಹೊತ್ತು. ಕೋನನ್ನು ದಾಟಿದ ಮೇಲೆ ಸ್ಟೀರಿಂಗ್ ತಿರುಗಿಸಿದರೆ ತಡವಾಯಿತೆಂದೇ ಲೆಕ್ಕ. ಕೋನ್ ಪಕ್ಕಕ್ಕೆ ಬರುವ ಹೊತ್ತಿಗೆ ಕಾರಿನ ಮೂತಿ ಮುಂದಿನದರ ಕಡೆಗೆ ಆಗಲೇ ತಿರುಗುತ್ತಿರಬೇಕು. ಮೊದಲ ಕೋನ್‌ನಲ್ಲಿ ಆದ ಚೂರು ತಡ ಎರಡನೆಯದರಲ್ಲಿ ಬಡ್ಡಿ ಸೇರಿ ದೊಡ್ಡದಾಗುತ್ತದೆ, ಮೂರನೆಯದರಲ್ಲಿ ಇನ್ನೂ ಬೆಳೆಯುತ್ತದೆ, ನಾಲ್ಕನೆಯದು ಬಂಪರಿನ ಕೆಳಗೆ ಹೋಗುತ್ತದೆ. ನಾಲ್ಕನೆಯ ಕೋನ್ ಬೀಳಿಸಿದವರು ಅಲ್ಲೇ ತಪ್ಪಾಯಿತೆಂದು ಕೊರಗುತ್ತಾರೆ. ತಪ್ಪಾದದ್ದು ಸಾಲಿನ ಬಾಗಿಲಲ್ಲಿ, ತೀರಾ ವೇಗವಾಗಿ ಒಳಹೊಕ್ಕಾಗ.

ಕಾಲಿನ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಪಕ್ಕದಲ್ಲಿ ಬೋಧಕರನ್ನು ಕೂರಿಸಿಕೊಂಡು ಕಲಿಯುವಂಥದ್ದು. ಟೈರಿನ ಹಿಡಿತವನ್ನು ತಿಂಗಳ ಸಂಬಳದಂತೆ ಭಾವಿಸಿ: ಬ್ರೇಕಿಗೆ ಪೂರ್ತಿ ಖರ್ಚು ಮಾಡಿದರೆ ತಿರುವಿಗೆ ಏನೂ ಉಳಿಯುವುದಿಲ್ಲ, ತಿರುವಿಗೆ ಪೂರ್ತಿ ಕೊಟ್ಟರೆ ಆಕ್ಸಿಲರೇಟರಿಗೆ ಉಳಿಯುವುದಿಲ್ಲ. ಆದ್ದರಿಂದ ಆರಂಭದಲ್ಲಿ ಬ್ರೇಕನ್ನು ನೇರ ದಾರಿಯಲ್ಲೇ, ಗಟ್ಟಿಯಾಗಿ ಒತ್ತಿ ಮುಗಿಸಿ, ಆಮೇಲೆ ತಿರುಗಿಸಿ. ಹಿಂದಿನ ಚಕ್ರಗಳಿಂದ ಓಡುವ ಸ್ಪೋರ್ಟ್ಸ್ ಕಾರಿನವರಿಗೆ ಇನ್ನೊಂದು ಮಾತು. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಿದರೆ ಭಾರವೆಲ್ಲ ಮುಂದಕ್ಕೆ ವಾಲಿ, ಹಿಂದಿನ ಚಕ್ರಗಳು ಹಗುರಾಗಿ, ಕಾರು ಬುಗುರಿಯಾಗುತ್ತದೆ. ಆಗುವುದು ಆಗಿಯೇ ಹೋದರೆ ಕ್ಲಚ್ಚನ್ನೂ ಬ್ರೇಕನ್ನೂ ಒಟ್ಟಿಗೆ ತಳ ಮುಟ್ಟಿಸಿ ಸುಮ್ಮನೆ ಕೂರಿ. ಖಾಲಿ ಮೈದಾನವೆಂದರೆ ಇದಕ್ಕಾಗಿಯೇ. ನಾನು ಎಷ್ಟು ಸಲ ಹಾಗೆ ಗಿರಕಿ ಹೊಡೆದಿದ್ದೇನೆಂಬುದನ್ನು ಹೆಂಡತಿ ಎದುರಿಗಿರುವ ಸಭೆಯಲ್ಲಿ ಹೇಳಲಾರೆ.

ಇನ್ನು ದಿನದ ನಡೆ ಹೇಗಿರುತ್ತದೆ ಎಂಬುದು. ಹೆಸರು ನೋಂದಾಯಿಸುವುದು ಮೊದಲೇ ಆಗಿರಬೇಕು, ಹೊಸಬರ ಜಾಗ ಬೇಗ ತುಂಬುತ್ತದೆ. ಅಲ್ಲಿಗೆ ತಲುಪಿದೊಡನೆ ಕಾರಿನೊಳಗಿನ ಎಲ್ಲವನ್ನೂ ಇಳಿಸಬೇಕು: ನೆಲದ ಮ್ಯಾಟು, ನೀರಿನ ಬಾಟಲಿ, ಕನ್ನಡಿಗೆ ತೂಗುಹಾಕಿದ ದೇವರ ಪದಕ, ಸೀಟಿನ ಕೆಳಗಿನ ಮರೆತುಹೋದ ನಾಣ್ಯಗಳ ಸಮೇತ. ಬ್ರೇಕಿನ ಪೆಡಲ್ ಕೆಳಗೆ ಉರುಳಿ ಬರುವ ಬಾಟಲಿಗಿಂತ ಅಪಾಯದ ವಸ್ತು ಈ ಆಟದಲ್ಲಿ ಮತ್ತೊಂದಿಲ್ಲ. ಇಳಿಸಿದ ಸಾಮಾನನ್ನು ಮುಚ್ಚಲು ಒಂದು ಟಾರ್ಪಾಲಿನ್ ಒಯ್ಯಿರಿ. ನಂತರ ತಾಂತ್ರಿಕ ತಪಾಸಣೆ: ಚಕ್ರದ ನಟ್ಟುಗಳು ಬಿಗಿಯಾಗಿವೆಯೇ, ಬ್ರೇಕಿನ ಪೆಡಲ್ ಗಟ್ಟಿಯಾಗಿದೆಯೇ, ಎಣ್ಣೆ ಸೋರುತ್ತಿದೆಯೇ, ಆಕ್ಸಿಲರೇಟರ್ ಬಿಟ್ಟೊಡನೆ ಮರಳುತ್ತದೆಯೇ, ಟೈರಿನಲ್ಲಿ ತಂತಿ ಕಾಣುತ್ತಿದೆಯೇ ಎಂದು ನೋಡುತ್ತಾರೆ. ನನ್ನ ಕಾರಿನ ತಪಾಸಣೆಗೆ ಬಂದವರು ಬಾನೆಟ್ ಎತ್ತಿ ನೋಡಿದ ಮೇಲೆ ಡಿಕ್ಕಿ ತೆರೆಯಲು ಹೇಳಿದರು. ಹಳೆಯ ಮಿಯಾಟಾಗಳಲ್ಲಿ ಬ್ಯಾಟರಿ ಇರುವುದು ಅಲ್ಲಿ, ಬಲಗಡೆಯ ಮೂಲೆಯಲ್ಲಿ. ಅವರು ಅದನ್ನು ಎರಡು ಬೆರಳಿನಿಂದ ತಳ್ಳಿದರು, ಅದು ಸರಿಯಿತು. ಬ್ಯಾಟರಿ ಬದಲಿಸಿದಾಗ ಹಿಡಿಪಟ್ಟಿಯ ಒಂದು ನಟ್ಟನ್ನು ಮತ್ತೆ ಹಾಕದೆ ಬಿಟ್ಟವನು ನಾನೇ. ಪಕ್ಕದ ಕಾರಿನವರು ಕೊಟ್ಟ ಒಂದು ನಟ್ಟು, ಒಂದು ಸ್ಪ್ಯಾನರ್, ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಮೈದಾನದಲ್ಲಿ ನಿಮ್ಮನ್ನು ಸೋಲಿಸಬೇಕಾದವರೇ ನಿಮ್ಮ ಕಾರು ರಿಪೇರಿ ಮಾಡಿಕೊಡುವುದು ಈ ಆಟದ ರೂಢಿ.

ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್‌ಗಳನ್ನು ಪರೀಕ್ಷಿಸುವ ಸ್ನೆಲ್‌ನಂಥ ಸಂಸ್ಥೆಯ ಇತ್ತೀಚಿನ ಮಾನದಂಡದ ಮುದ್ರೆ ಇರಬೇಕು. ಭಾರತದಿಂದ ತಂದ ಐಎಸ್‌ಐ ಗುರುತಿನ ಹೆಲ್ಮೆಟ್ ಇಲ್ಲಿ ನಡೆಯುವುದಿಲ್ಲ. ಮೊದಲ ದಿನಕ್ಕೆ ಕೊಳ್ಳುವ ಅಗತ್ಯವೂ ಇಲ್ಲ, ಸಾಮಾನ್ಯವಾಗಿ ಕ್ಲಬ್ಬಿನವರೇ ಎರವಲು ಕೊಡುತ್ತಾರೆ. ಕಾಲಿಗೆ ತೆಳ್ಳನೆಯ ಅಡಿಯ, ಪೂರ್ತಿ ಮುಚ್ಚಿದ ಬೂಟು ಸಾಕು. ಪ್ರವೇಶ ಶುಲ್ಕ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆಯಾದರೂ, ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಓಡಿಸಲು ತೆರುವ ಹಣದ ಎದುರು ಅದು ಏನೇನೂ ಅಲ್ಲ.

ಬಂದವರೆಲ್ಲ ಓಡಿಸಬೇಕು, ಬಂದವರೆಲ್ಲ ದುಡಿಯಲೂಬೇಕು. ದಿನವನ್ನು ಸರದಿಗಳಾಗಿ ಹಂಚಿ, ಒಂದು ಸರದಿಯವರು ಓಡಿಸುವಾಗ ಇನ್ನೊಂದು ಸರದಿಯವರು ಮೈದಾನದ ಬೇರೆ ಬೇರೆ ಮೂಲೆಗಳಲ್ಲಿ ನಿಂತು ಬಿದ್ದ ಕೋನ್ ಎತ್ತಬೇಕು, ತಪ್ಪನ್ನು ರೇಡಿಯೋದಲ್ಲಿ ತಿಳಿಸಬೇಕು. ಪ್ರತಿ ಕೋನ್‌ನ ಬುಡದ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದಲೋ ಹಿಟ್ಟಿನಿಂದಲೋ ಚೌಕ ಬರೆದಿರುತ್ತಾರೆ. ಹಿಟ್ಟನ್ನು ಬೆರಳ ಸಂದಿಯಿಂದ ಉದುರಿಸುತ್ತ ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂದ ದಿನ, ಬಾಗಿಲ ಮುಂದೆ ಎಂದೂ ರಂಗೋಲಿ ಇಡದ ಈ ಕೈ ನೌಕಾಪಡೆಯ ಕಾಂಕ್ರೀಟಿನ ಮೇಲೆ ಅದನ್ನು ಕಲಿಯಿತು. ಕೋನ್ ಬಿದ್ದರೆ, ಅಥವಾ ನಿಂತೇ ಇದ್ದರೂ ಚೌಕದಿಂದ ಪೂರ್ತಿ ಆಚೆ ಸರಿದರೆ, ಎರಡು ಸೆಕೆಂಡ್ ದಂಡ. ನಿಂತಿದ್ದು, ಗೆರೆಯನ್ನು ಕೂದಲೆಳೆಯಷ್ಟು ಮುಟ್ಟುತ್ತಿದ್ದರೂ ದಂಡವಿಲ್ಲ. ಗೆಲುವು ಸೋಲು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ತೀರ್ಮಾನವಾಗುವ ಕಡೆ ಎರಡು ಸೆಕೆಂಡ್ ಎಂದರೆ ಆ ಓಟ ಹೋಯಿತೆಂದೇ ತಿಳಿಯಬೇಕು.

ಹೊಸಬರು ಈ ದುಡಿಮೆಯನ್ನು ದಂಡವೆಂದು ಭಾವಿಸುತ್ತಾರೆ. ನಾನು ಒಂದು ವಿಷಯ ಗಮನಿಸಲು ಹೇಳುತ್ತೇನೆ: ಸ್ಲಾಲಮ್ ಪಕ್ಕದ ಮೂಲೆಯನ್ನು ಕೇಳಿ ಪಡೆದು, ಒಂದೇ ಬಗೆಯ ಇಪ್ಪತ್ತು ಮಿಯಾಟಾಗಳು ನಿಮ್ಮ ಮುಂದೆ ಹಾದುಹೋಗುವುದನ್ನು ನೋಡಿ. ವೇಗದ ಕಾರು ಹೆಚ್ಚು ಸದ್ದು ಮಾಡುವುದಿಲ್ಲ, ಅದರ ಟೈರು ಕಿರುಚುವುದಿಲ್ಲ, ಸಣ್ಣದಾಗಿ ಒಂದೇ ಸಮ ಗೊಣಗುತ್ತದೆ. ಕಿರುಚಾಟ ಮಾಡಿಕೊಂಡು, ನೋಡುವವರಿಗೆ ಭಾರಿ ಎನಿಸುವಂತೆ ಹೋದ ಕಾರಿನ ಸಮಯವನ್ನು ಧ್ವನಿವರ್ಧಕ ಸಾರಿದಾಗ ಅದು ಎರಡು ಸೆಕೆಂಡ್ ಹಿಂದಿರುತ್ತದೆ. ಬೆನ್ನು ಮಾತ್ರ ಬರುವ ಕಾರಿನ ಕಡೆಗೆ ಇರಬಾರದು, ಫೋನು ಜೇಬಿನಿಂದ ಹೊರಗೆ ಬರಬಾರದು. ಗಿರಕಿ ಹೊಡೆದ ಕಾರು ಯಾವ ಕಡೆ ಬರುತ್ತದೆಂದು ಹೇಳಲಾಗದು. ಓಡಿಸುವಾಗ ಎದುರಿಗೆ ಕೆಂಪು ಬಾವುಟ ಕಂಡರೆ ಒಡನೆ, ಹತೋಟಿಯಲ್ಲಿ, ನಿಂತುಬಿಡಬೇಕು. ನಿಮ್ಮ ತಪ್ಪಿಲ್ಲದಿದ್ದರೆ ಆ ಓಟವನ್ನು ಮತ್ತೆ ಕೊಡುತ್ತಾರೆ.

ಯಾವ ಕಾರು ಕೊಳ್ಳಲಿ ಎಂದು ಬಹಳ ಮಂದಿ ಕೇಳುತ್ತಾರೆ. ಈಗ ಮನೆಯಲ್ಲಿರುವುದನ್ನೇ ತನ್ನಿ ಎಂಬುದು ಸರಿಯಾದ ಉತ್ತರ, ಅದು ಎತ್ತರದ ಎಸ್‌ಯುವಿ ಆಗಿರದಿದ್ದರೆ. ಮಗುಚುವ ಭಯವಿರುವುದರಿಂದ ಅಂಥವನ್ನು ಸೇರಿಸುವುದಿಲ್ಲ. ಕೊಳ್ಳಲೇಬೇಕೆಂದು ಹೊರಟವರಿಗೆ ಮಿಯಾಟಾ ಹೇಳುತ್ತೇನೆ, ಪಕ್ಷಪಾತವೆಂದರೂ ಸರಿ. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಂಡ ಈ ಕಾರಿನ ತೂಕ ಇಂದಿಗೂ ಒಂದು ಟನ್‌ನ ಆಸುಪಾಸಿನಲ್ಲಿದೆ, ಭಾರ ಹಿಂದಕ್ಕೂ ಮುಂದಕ್ಕೂ ಸರಿಸುಮಾರು ಸಮನಾಗಿ ಹಂಚಿದೆ. ನನ್ನ 1999ರ ಕಾರಿನ ಎಂಜಿನ್ 140 ಅಶ್ವಶಕ್ತಿಯದು, ಈಗಿನ ಸಾಮಾನ್ಯ ಕುಟುಂಬದ ಕಾರಿಗಿಂತಲೂ ಕಡಿಮೆ. ತಪ್ಪು ಮಾಡಿದಾಗ ಅದನ್ನು ಮುಚ್ಚಿಹಾಕುವ ಶಕ್ತಿ ಅದಕ್ಕಿಲ್ಲ, ಆದ್ದರಿಂದ ತಪ್ಪು ನಿಮಗೆ ಗೊತ್ತಾಗುತ್ತದೆ. ಹಳೆಯದನ್ನು ನೋಡುವಾಗ ಹಿಂಚಕ್ರದ ಮುಂದಿನ ಹೊಸ್ತಿಲ ಪಟ್ಟಿಯಲ್ಲಿ ತುಕ್ಕು ಇದೆಯೇ ಎಂದು ಬೆರಳಿಟ್ಟು ನೋಡಿ. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕಂದು ಬಣ್ಣಕ್ಕೆ ತಿರುಗಿದ್ದರೆ ಒಡೆಯುವ ಕಾಲ ಬಂದಿದೆ ಎಂದರ್ಥ. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಸೋರುವುದು ಈ ಕಾರಿನ ಹುಟ್ಟುಗುಣ, ದೊಡ್ಡ ಖರ್ಚೇನಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ಕೇಳಿ, ಮಾರುವವರು ಆಕಾಶ ನೋಡಿದರೆ ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕಾರಿಗೆ ಮಾಡುವ ಬದಲಾವಣೆಗಳ ವಿಷಯದಲ್ಲಿ ನನಗೆ ಖಚಿತವಾದ ಅಭಿಪ್ರಾಯವಿದೆ. ಮೊದಲ ವರ್ಷ ಎಂಜಿನ್‌ಗೆ ಸುರಿಯುವ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಷ್ಟೇ ಅಲ್ಲ, ತಿಳಿಯದೆ ಹಾಕಿಸಿದ ಒಂದು ಬಿಡಿಭಾಗ ನಿಮ್ಮನ್ನು ನುರಿತವರ ವರ್ಗಕ್ಕೆ ಎತ್ತಿ ಹಾಕಬಹುದು. ಕಾರುಗಳನ್ನು ಅವುಗಳ ಸಾಮರ್ಥ್ಯಕ್ಕೂ ಮಾಡಿದ ಬದಲಾವಣೆಗಳಿಗೂ ತಕ್ಕಂತೆ ವರ್ಗಗಳಾಗಿ ವಿಂಗಡಿಸುತ್ತಾರೆ. ಸ್ಟ್ರೀಟ್ ಎಂಬ ಮೂಲ ವಿಭಾಗದಲ್ಲಿ ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಒಂದು ಸ್ವೇ ಬಾರ್ ಇಂಥ ಕೆಲವನ್ನು ಮಾತ್ರ ಬದಲಿಸಬಹುದು, ಸ್ಪ್ರಿಂಗ್ ಮುಟ್ಟುವಂತಿಲ್ಲ. ಬೇರೆ ಬೇರೆ ವರ್ಗದವರನ್ನು ಹೋಲಿಸಲು ಪ್ಯಾಕ್ಸ್ ಎಂಬ ಗುಣಕವಿದೆ: ನಿಮ್ಮ ವರ್ಗದ ಗುಣಕ 0.8 ಎಂದಿಟ್ಟುಕೊಂಡರೆ 50 ಸೆಕೆಂಡಿನ ಓಟ 40 ಆಗಿ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಇಪ್ಪತ್ತೈದು ವರ್ಷದ ಹಳೆಯ ಮಿಯಾಟಾ ಬಲಶಾಲಿ ಕಾರ್ವೆಟ್ ಕಾರೊಂದನ್ನು ಪಟ್ಟಿಯಲ್ಲಿ ಕೆಳಗಿಳಿಸುವುದು ಇಲ್ಲಿ ವಾರದ ಸುದ್ದಿಯೂ ಅಲ್ಲ.

ಖರ್ಚು ಮಾಡಲೇಬೇಕೆಂದರೆ ಎರಡನೆಯ ವರ್ಷ ಟೈರಿಗೆ ಮಾಡಿ. ಸ್ಟ್ರೀಟ್ ವಿಭಾಗದಲ್ಲಿ ಟೈರಿನ ಬಾಳಿಕೆ ಹೇಳುವ ಟ್ರೆಡ್‌ವೇರ್ ಅಂಕ 200 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಆ ಮಿತಿಯೊಳಗೇ ಬಲು ಅಂಟಿನ ಟೈರುಗಳು ಸಿಗುತ್ತವೆ. ಆದರೆ ಮೊದಲ ವರ್ಷ ಸಾಧಾರಣ ಟೈರಿನಲ್ಲೇ ಕಲಿಯಿರಿ, ಅವು ಹಿಡಿತ ತಪ್ಪುವ ಮೊದಲು ಕೂಗಿ ಹೇಳುತ್ತವೆ. ಗಾಳಿಯ ಒತ್ತಡ ನೋಡಲು ಒಂದು ಒಳ್ಳೆಯ ಗೇಜ್ ಕೊಳ್ಳಿ, ಮತ್ತು ಒಂದು ಶೀಶೆ ಬಿಳಿ ಪಾಲಿಶ್: ಶಾಲೆಯಲ್ಲಿ ಶನಿವಾರದ ಡ್ರಿಲ್ಲಿಗೆಂದು ಕ್ಯಾನ್ವಾಸ್ ಬೂಟಿಗೆ ಬಳಿಯುತ್ತಿದ್ದೆವಲ್ಲ, ಅಂಥದ್ದೇ. ಟೈರಿನ ಭುಜದ ಮೇಲೆ, ತುಳಿಯುವ ಭಾಗದಿಂದ ಪಕ್ಕದ ಗೋಡೆಯವರೆಗೆ ಅದರಿಂದ ಒಂದು ಗೆರೆ ಎಳೆಯಿರಿ. ಓಟ ಮುಗಿಸಿ ಬಂದಾಗ ಬಿಳಿ ಎಲ್ಲಿಯವರೆಗೆ ಸವೆದಿದೆಯೋ ಅಲ್ಲಿಯವರೆಗೆ ಟೈರು ಮಗ್ಗುಲಾಗಿ ನೆಲ ಮುಟ್ಟಿದೆ. ಪಕ್ಕದ ಗೋಡೆಯಲ್ಲಿರುವ ಪುಟ್ಟ ತ್ರಿಕೋನದ ಗುರುತನ್ನು ದಾಟಿ ಸವೆದಿದ್ದರೆ ಗಾಳಿ ಕಡಿಮೆಯಿದೆ, ಎರಡು ಪಿಎಸ್‌ಐ ಏರಿಸಿ. ಗುರುತನ್ನು ಮುಟ್ಟುವ ಬಹಳ ಮೊದಲೇ ಸವೆತ ನಿಂತಿದ್ದರೆ ಇಳಿಸಿ. ಟೈರು ಬಿಸಿಯಾದಂತೆ ಒತ್ತಡ ತಾನೇ ಏರುವುದರಿಂದ ಇದನ್ನು ಪ್ರತಿ ಓಟದ ನಂತರವೂ ನೋಡಬೇಕು.

ಸಭೆಯಲ್ಲಿ ಒಬ್ಬ ತಾಯಿ ಅಪಾಯದ ಬಗ್ಗೆ ಕೇಳಿದರು. ಗಟ್ಟಿ ಗೋಡೆ, ಕಂಬಗಳಿಂದ ದೂರದಲ್ಲಿ ದಾರಿ ಹಾಕುತ್ತಾರೆ, ಎದುರಿಗೆ ಬರುವ ಕಾರಿಲ್ಲ, ವೇಗ ಹೆದ್ದಾರಿಯ ಮಿತಿಯೊಳಗಿದೆ. ಆದರೂ ಇದು ಮೋಟಾರು ಕ್ರೀಡೆಯೇ, ಹೊಣೆಮುಕ್ತಿ ಪತ್ರಕ್ಕೆ ಸಹಿ ಹಾಕಿಯೇ ಒಳಗೆ ಹೋಗುವುದು. ಇನ್ನೊಬ್ಬರು ವಿಮೆಯ ಬಗ್ಗೆ ಕೇಳಿದರು. ಕ್ಲಬ್ಬಿನ ವಿಮೆ ಬೇರೆಯವರಿಗಾಗುವ ಹಾನಿಯ ಹೊಣೆಗೆ. ನಿಮ್ಮ ಕಾರಿಗಾಗುವ ಪೆಟ್ಟನ್ನು ನಿಮ್ಮ ಪಾಲಿಸಿ ಭರಿಸುತ್ತದೆಂದು ಎಣಿಸಬೇಡಿ, ಸಮಯ ಲೆಕ್ಕ ಹಿಡಿಯುವ ಸ್ಪರ್ಧೆಗಳನ್ನು ಹೊರಗಿಡುವ ಷರತ್ತು ಅನೇಕ ಪಾಲಿಸಿಗಳಲ್ಲಿ ಇರುತ್ತದೆ, ಓದಿ ನೋಡಿ. ಕೋನ್ ತಾಗಿದರೆ ಬಂಪರಿಗೆ ಕಿತ್ತಳೆ ಬಣ್ಣ ಮೆತ್ತಿಕೊಳ್ಳುತ್ತದೆ, ಅದು ಉಜ್ಜಿದರೆ ಹೋಗುತ್ತದೆ.

ಇಡೀ ದಿನದಲ್ಲಿ ಎಷ್ಟು ಹೊತ್ತು ಓಡಿಸಲು ಸಿಗುತ್ತದೆ ಎಂದು ಹಿಂದಿನ ಸಾಲಿನ ಯುವಕರೊಬ್ಬರು ಕೇಳಿದರು. ಆರು ಓಟ ಕೊಟ್ಟರು ಎಂದರೂ ಒಟ್ಟು ಐದಾರು ನಿಮಿಷ. ಅದಕ್ಕಾಗಿ ಬೆಳಗಿನ ಐದು ಗಂಟೆಗೆ ಎದ್ದು, ಬಿಸಿಲಿನಲ್ಲಿ ಕೋನ್ ಎತ್ತಿ, ಸಂಜೆ ಎಲ್ಲ ಕೋನ್‌ಗಳನ್ನು ಒಂದರ ಮೇಲೊಂದು ಪೇರಿಸಿ ಟ್ರೇಲರಿಗೆ ತುಂಬುವವರೆಗೂ ನಿಲ್ಲಬೇಕು. ಅದಕ್ಕೆ ಮುಂಚೆ ಹೊರಡುವುದು ಮರ್ಯಾದೆಯಲ್ಲ. ಆ ನಂತರ ಇಳಿಸಿಟ್ಟ ಸಾಮಾನನ್ನೆಲ್ಲ ಮತ್ತೆ ಒಳಗೆ ಹಾಕಿ, ಟೈರಿನ ಗಾಳಿಯನ್ನು ರಸ್ತೆಗೆ ತಕ್ಕ ಒತ್ತಡಕ್ಕೆ ಮರಳಿಸಿ, ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು, ಬಾಗಿಲ ಮೇಲೆ ಅಂಟಿಸಿದ ಸಂಖ್ಯೆಯನ್ನು ಮರೆಯದೆ ಕಿತ್ತುಹಾಕಿ. ಸಂಖ್ಯೆ ಹಚ್ಚಿಕೊಂಡ ಸ್ಪೋರ್ಟ್ಸ್ ಕಾರನ್ನು ಕಂಡರೆ ಹೆದ್ದಾರಿಯಲ್ಲಿ ಪಕ್ಕದವರಿಗೆಲ್ಲ ಪಂದ್ಯ ಕಟ್ಟುವ ಆಸೆ ಹುಟ್ಟುತ್ತದೆ, ಪೊಲೀಸರಿಗೂ ಅದು ಬೇಗ ಕಣ್ಣಿಗೆ ಬೀಳುತ್ತದೆ.